ಅಂಗಿಯ ಎದೆಯ ಮೇಲಿನ ಚಿತ್ರ

ಖಾನಾಪುರ ತಾಲೂಕಿನ ಬೀಡಿಯ ಒಂದು ಹೈಸ್ಕೂಲಿನಲ್ಲಿ ವಾರ್ಷಿಕ ಸ್ನೇಹಸಮ್ಮೇಳನವು ಸಮೀಪಿಸಿದೆ ಎಂದು ಭಾವಿಸೋಣ. ಸ್ಪರ್ಧೆಗಳ ಪಟ್ಟಿಯಲ್ಲಿ ಈ ವರ್ಷ ಹೊಸದೊಂದು ಸೇರಿದೆ. ವಿದ್ಯಾರ್ಥಿಗಳು ತಾವೇ ಒಂದು ಚಿತ್ರವನ್ನು ರಚಿಸಬೇಕು. ಗೆದ್ದ ಚಿತ್ರವನ್ನು ಅರವತ್ತು ಟೀ-ಶರ್ಟುಗಳ ಮೇಲೆ ಅಚ್ಚು ಹಾಕಿಸಿ ಸಮ್ಮೇಳನದ ದಿನ ತೊಡತಕ್ಕದ್ದು. ಹತ್ತನೆಯ ತರಗತಿಯ ಒಬ್ಬ ಹುಡುಗಿಯು ಕಣಕುಂಬಿಯ ಕಾಡಿನಲ್ಲಿ ಹುಟ್ಟಿ ಹರಿದುಬರುವ ಮಲಪ್ರಭೆಯನ್ನು ಕೂದಲೆಳೆಯಂತಹ ಗೆರೆಗಳಲ್ಲಿ, ಏಳು ಬಣ್ಣಗಳಲ್ಲಿ ಬರೆದಿದ್ದಾಳೆ. ಕಾಗದದ ಮೇಲೆ ಅದನ್ನು ಮೀರಿಸುವ ಚಿತ್ರವಿಲ್ಲ. ಬಹುಮಾನವು ಅದಕ್ಕೇ ಸಂದಿತು. ಆದರೆ ಅಚ್ಚಾಗಿ ಬಂದ ಅಂಗಿಗಳನ್ನು ಬಿಡಿಸಿ ನೋಡಿದಾಗ ಗೆರೆಗಳು ಒಂದರೊಳಗೊಂದು ಕೂಡಿಹೋಗಿವೆ. ಹಸಿರು ಬಣ್ಣವು ಮರವನ್ನು ಬಿಟ್ಟು ನದಿಯ ಮೇಲೆ ಕುಳಿತಿದೆ. ಎರಡನೆಯ ಒಗೆತಕ್ಕೆ ನದಿಯೇ ಬತ್ತಿಹೋಗಿದೆ.

ತಪ್ಪು ಯಾರದು? ಚಿತ್ರಕಾರಳಿಗೆ ಕಲೆ ತಿಳಿದಿತ್ತು. ಅಚ್ಚಿನವನಿಗೆ ಕಸುಬು ತಿಳಿದಿತ್ತು. ಆದರೆ ಅರಿವೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಕಾಗದಕ್ಕೆ ಒಪ್ಪುವುದೆಲ್ಲ ಅರಿವೆಗೆ ಒಪ್ಪಲಾರದು. ಅರಿವೆಗೂ, ಬಣ್ಣಕ್ಕೂ, ನೋಡುವ ಕಣ್ಣಿಗೂ ತಮ್ಮವೇ ಆದ ನಿಯಮಗಳುಂಟು. ಆ ನಿಯಮಗಳನ್ನು ಅರಿತು ಚಿತ್ರ ಬರೆದರೆ ಇಂತಹ ನಿರಾಸೆಗೆ ಎಡೆಯಿರುವುದಿಲ್ಲ. ಅವು ಯಾವುವೆಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಅರಿವೆಯ ಕಟ್ಟಡ

ಬೆಳಗಾವಿಯ ಶಹಾಪುರ, ವಡಗಾವಿಗಳ ಕಡೆಗೆ ಹೋದರೆ ಮಗ್ಗದ ಸದ್ದು ಕೇಳಿಬರುತ್ತದೆ. ಅಲ್ಲಿ ನೇಯುವ ಸೀರೆಯಲ್ಲಿ ಎರಡು ಬಗೆಯ ನೂಲುಗಳಿವೆ: ಉದ್ದಕ್ಕೆ ಬಿಗಿದ ಹಾಸು, ಅಡ್ಡಲಾಗಿ ಓಡಾಡುವ ಹೊಕ್ಕು. ಇವು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದರಿಂದ ಸೀರೆಯು ಎಳೆದರೆ ಹಿಗ್ಗುವುದಿಲ್ಲ. ಟೀ-ಶರ್ಟಿನ ಅರಿವೆ ಹಾಗಲ್ಲ. ಅದು ನೇಯ್ದದ್ದಲ್ಲ, ಹೆಣೆದದ್ದು. ಸ್ವೆಟರಿನಲ್ಲಿರುವಂತೆ ಒಂದೇ ನೂಲು ಕುಣಿಕೆ ಕುಣಿಕೆಯಾಗಿ ಸುತ್ತಿಕೊಂಡು, ಒಂದು ಸಾಲಿನ ಕುಣಿಕೆಯೊಳಗಿನಿಂದ ಮುಂದಿನ ಸಾಲಿನ ಕುಣಿಕೆಯು ಹೊರಬಂದಿರುತ್ತದೆ. ಎಳೆದಾಗ ಕುಣಿಕೆಗಳು ಚಪ್ಪಟೆಯಾಗಿ ಅರಿವೆ ಹಿಗ್ಗುತ್ತದೆ. ಬಿಟ್ಟಾಗ ಮರಳಿ ಕುಗ್ಗುತ್ತದೆ. ಇಂಗ್ಲೆಂಡಿನ ವಿಲಿಯಂ ಲೀ ಎಂಬಾತನು ಹೆಣಿಗೆಯ ಯಂತ್ರವನ್ನು ೧೫೮೯ರಲ್ಲಿಯೇ ರಚಿಸಿದನು. ಇಂದಿನ ಹೆಣಿಗೆಯ ಯಂತ್ರಗಳು ಅದರ ಸಂತತಿಯವೇ. ತೋಳುಗಳನ್ನು ಚಾಚಿ ಹರಡಿದಾಗ ಅಂಗಿಯು ಇಂಗ್ಲಿಷಿನ ‘ಟೀ’ ಅಕ್ಷರದಂತೆ ಕಾಣುವುದೇ ಅದರ ಹೆಸರಿನ ಮೂಲ.

ಈ ರಚನೆಯಿಂದ ಚಿತ್ರಕಾರನಿಗೆ ಎರಡು ಪಾಠಗಳಿವೆ. ಮೊದಲನೆಯದಾಗಿ, ಅಂಗಿಯ ಮೈ ನುಣುಪಾದ ಹಲಗೆಯಲ್ಲ. ಭೂತಗಾಜಿನಲ್ಲಿ ನೋಡಿದರೆ ಅದು ಉಬ್ಬುತಗ್ಗುಗಳ ಹೊಲದಂತಿದೆ. ಒಂದೊಂದು ಕುಣಿಕೆಯ ಅಗಲ ಒಂದು ಮಿಲಿಮೀಟರಿಗಿಂತ ತುಸು ಕಡಿಮೆ. ಅದಕ್ಕಿಂತ ತೆಳುವಾದ ಗೆರೆಯು ತಗ್ಗಿನಲ್ಲಿ ಮುಳುಗಿಹೋಗುತ್ತದೆ. ಎರಡನೆಯದಾಗಿ, ಅರಿವೆ ಹಿಗ್ಗುವಾಗ ಅದರ ಮೇಲಿನ ಬಣ್ಣದ ಪದರವೂ ಹಿಗ್ಗಬೇಕು. ದಪ್ಪವಾದ, ಅಗಲವಾದ ಬಣ್ಣದ ಪಟ್ಟೆಯು ಹಿಗ್ಗಲಾರದೆ ಬಿರುಕು ಬಿಡುತ್ತದೆ. ಆದಕಾರಣ ಎದೆತುಂಬ ಒಂದೇ ಬಣ್ಣ ಮೆತ್ತುವುದಕ್ಕಿಂತ, ನಡುನಡುವೆ ಅರಿವೆಯನ್ನೇ ಬಯಲು ಬಿಟ್ಟ ಚಿತ್ರವು ಹೆಚ್ಚು ಕಾಲ ಬಾಳುತ್ತದೆ.

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಈ ಪಾಠವು ಹೊಸದಲ್ಲ. ಧಾರವಾಡ ಸೀಮೆಯ ಕಸೂತಿಯನ್ನು ನೋಡಿರಿ. ಗಾವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿಂದ ಗೋಪುರ, ತೇರು, ತುಳಸಿ ವೃಂದಾವನ, ಅಂಬಾರಿಯ ಆನೆ ಇವೆಲ್ಲ ಮೂಡುತ್ತವೆ. ಅರಿವೆಯ ಎಳೆಗಳನ್ನು ಎಣಿಸಿ ಸೂಜಿ ಹಾಕುವುದರಿಂದ ಕಸೂತಿಯ ಆನೆಯು ಮೆಟ್ಟಿಲು ಮೆಟ್ಟಿಲಾದ ಗೆರೆಗಳಲ್ಲಿಯೇ ಹುಟ್ಟುತ್ತದೆ. ನಿಜವಾದ ಆನೆಯಂತೆ ಅದು ಕಾಣದಿದ್ದರೂ ಅರಿವೆಗೆ ಒಪ್ಪುವಂತಿದೆ. ಸಾಧನದ ಮಿತಿಯನ್ನು ಒಪ್ಪಿಕೊಂಡು, ಆ ಮಿತಿಯೊಳಗೇ ಚೆಲುವನ್ನು ಹುಡುಕಿದ್ದರಿಂದಲೇ ಅದು ತಲೆಮಾರುಗಳ ವರೆಗೆ ಬಾಳಿತು.

ನೂಲಿಗೂ ಬಣ್ಣಕ್ಕೂ ನಂಟು

ಹೋಳಿಯ ಬಣ್ಣ ಅಂಗಿಯಿಂದ ಹೋಗುವುದಿಲ್ಲ. ಆದರೆ ಗೋಡೆಗೆ ಒರಗಿದಾಗ ತಗಲಿದ ಸುಣ್ಣವು ಕೊಡವಿದರೆ ಹೋಗುತ್ತದೆ. ಏಕೆ? ನೂಲಿಗೆ ಬಣ್ಣವು ಅಂಟುವ ಬಗೆಗಳು ಎರಡು. ನೀರಿನಲ್ಲಿ ಕರಗುವ ಬಣ್ಣವು ನೂಲಿನ ಒಳಹೊಕ್ಕು ಅಲ್ಲಿ ನೆಲೆಸುತ್ತದೆ. ಕರಗದ ವರ್ಣಪುಡಿಯು ಒಳಹೋಗಲಾರದು. ಅದನ್ನು ಅಂಟಿನ ಸಹಾಯದಿಂದ ನೂಲಿನ ಮೇಲೆ ಹಿಡಿದು ನಿಲ್ಲಿಸಬೇಕು.

ಹತ್ತಿಯ ನೂಲಿನ ಬಹುಪಾಲು ಸೆಲ್ಯುಲೋಸ್ ಎಂಬ ವಸ್ತು. ಗ್ಲೂಕೋಸಿನ ಸಾವಿರಾರು ಘಟಕಗಳು ಮಣಿಸರದಂತೆ ಪೋಣಿಸಿಕೊಂಡು ಅದರ ಅಣುವಾಗಿದೆ. ಈ ಸರದ ಉದ್ದಕ್ಕೂ ಆಮ್ಲಜನಕ-ಜಲಜನಕಗಳ ಜೋಡಿಗಳು ಕೈ ಚಾಚಿಕೊಂಡಿವೆ. ಅವು ನೀರನ್ನು ಒಲಿಸಿಕೊಳ್ಳುತ್ತವೆ. ಹತ್ತಿಯ ಅಂಗಿ ಬೆವರನ್ನು ಹೀರುವುದು ಇದರಿಂದಲೇ. ೧೯೫೪ರಲ್ಲಿ ಬ್ರಿಟನ್ನಿನ ಐ.ಸಿ.ಐ. ಸಂಸ್ಥೆಯ ರ‍್ಯಾಟೀ ಮತ್ತು ಸ್ಟೀಫನ್ ಎಂಬ ರಸಾಯನಶಾಸ್ತ್ರಜ್ಞರು, ಸೋಡಾದಂತಹ ಕ್ಷಾರದ ಸಮ್ಮುಖದಲ್ಲಿ ಬಣ್ಣದ ಅಣುವನ್ನು ಈ ಕೈಗಳಿಗೇ ರಾಸಾಯನಿಕವಾಗಿ ಕಟ್ಟಿಬಿಡಬಹುದೆಂದು ತೋರಿಸಿದರು. ಎರಡು ವರ್ಷಗಳಲ್ಲಿ ಅಂತಹ ಬಣ್ಣಗಳು ಪೇಟೆಗೆ ಬಂದವು. ಇವು ನೂಲಿನ ಅಂಗವೇ ಆಗಿಬಿಡುವುದರಿಂದ ಒಗೆದರೂ ಸುಲಭವಾಗಿ ಬಿಡವು.

ಪಾಲಿಯೆಸ್ಟರ್ ನೂಲಿನ ಸ್ವಭಾವವೇ ಬೇರೆ. ಅದು ನೀರನ್ನು ಹತ್ತಿರ ಸೇರಿಸದು. ಅದಕ್ಕೆ ಒಗ್ಗುವ ಬಣ್ಣಗಳನ್ನು ಕಾಗದದ ಮೇಲೆ ಮುದ್ರಿಸಿ, ಸುಮಾರು ೨೦೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅಂಗಿಗೆ ಒತ್ತಿದರೆ, ಬಣ್ಣವು ಆವಿಯಾಗಿ ನೂಲಿನೊಳಗೆ ಸೇರುತ್ತದೆ. ಆಟಗಾರರ ಅಂಗಿಗಳಲ್ಲಿ ಕಾಣುವ ಬಹುವರ್ಣದ ಚಿತ್ರಗಳು ಹೆಚ್ಚಾಗಿ ಹೀಗೆ ಆದವು. ಇದೇ ಉಪಾಯವನ್ನು ಹತ್ತಿಯ ಅಂಗಿಯ ಮೇಲೆ ಪ್ರಯೋಗಿಸಿದರೆ ಬಣ್ಣವು ಕೆಲವೇ ಒಗೆತಗಳಲ್ಲಿ ಮಾಸಿಹೋಗುತ್ತದೆ. ಆದ್ದರಿಂದ ಅಂಗಿಯನ್ನು ಕೊಳ್ಳುವ ಮೊದಲು ಅದರ ಕತ್ತಿನ ಪಟ್ಟಿಯ ಮೇಲೆ ಏನು ಬರೆದಿದೆಯೆಂದು ಓದುವುದು ಜಾಣತನ.

ಸಾಣಿಗೆಯಿಂದ ಅಚ್ಚಿಗೆ

ಪೇಟೆಯಲ್ಲಿ ರಂಗೋಲಿಯ ಅಚ್ಚುಗಳನ್ನು ಮಾರುವುದನ್ನು ನೋಡಿರುವಿರಿ. ತಗಡಿನಲ್ಲಿ ತೂತುಗಳನ್ನು ಕೊರೆದಿರುತ್ತಾರೆ. ಪುಡಿ ಹಾಕಿ ಕೈಯಾಡಿಸಿದರೆ ತೂತಿರುವಲ್ಲಿ ಮಾತ್ರ ಪುಡಿ ಇಳಿದು ಚಿತ್ರವಾಗುತ್ತದೆ. ಅಂಗಿಯ ಅಚ್ಚಿನ ತತ್ತ್ವವೂ ಇಷ್ಟೇ. ದಪ್ಪ ಕಾಗದದಲ್ಲಿ ಆಕಾರವನ್ನು ಕತ್ತರಿಸಿ, ಅಂಗಿಯ ಮೇಲಿಟ್ಟು ಬಣ್ಣ ಹಚ್ಚಿದರೆ ಚಿತ್ರ ಮೂಡುತ್ತದೆ.

ಆದರೆ ಕತ್ತರಿಸಿದ ಕಾಗದಕ್ಕೆ ಒಂದು ತೊಡಕುಂಟು. ನಮ್ಮ ಕನ್ನಡದ ‘ಅಂಗಿ’ ಎಂಬ ಮಾತನ್ನೇ ಕತ್ತರಿಸಿ ನೋಡಿರಿ. ಅಲ್ಲಿರುವ ಸೊನ್ನೆಯನ್ನು ಕತ್ತರಿಸಿದೊಡನೆ ಅದರ ಒಳಗಿನ ಚೂರು ಕಳಚಿಬೀಳುತ್ತದೆ. ಉಂಗುರವಿರಬೇಕಾದಲ್ಲಿ ಬರಿಯ ಬೊಟ್ಟು ಮೂಡುತ್ತದೆ. ಸುತ್ತಲೂ ಬಯಲಿದ್ದು ನಡುವೆ ನಿಲ್ಲಬೇಕಾದ ಈ ಚೂರು ಒಂದು ದ್ವೀಪವಿದ್ದಂತೆ. ಅದಕ್ಕೆ ಸೇತುವೆ ಬೇಕು. ಜಪಾನಿನ ಕುಶಲಿಗರು ತಮ್ಮ ಕಾಗದದ ಅಚ್ಚುಗಳಲ್ಲಿ ಇಂತಹ ದ್ವೀಪಗಳನ್ನು ಸಣ್ಣ ರೇಷ್ಮೆಯ ಎಳೆಗಳಿಂದ ಹಿಡಿದಿಡುತ್ತಿದ್ದರು. ಎಳೆಗಳು ಅತಿ ತೆಳುವಾದುದರಿಂದ ಬಣ್ಣವು ಅವುಗಳ ಅಡಿಗೂ ಹರಿದು ಸೇರಿಕೊಳ್ಳುತ್ತಿತ್ತು.

ಅಲ್ಲೊಂದು ಇಲ್ಲೊಂದು ಎಳೆಯ ಬದಲು ಅಚ್ಚಿನ ತುಂಬ ಎಳೆಗಳೇ ಇದ್ದರೆ? ಅದೇ ಸ್ಕ್ರೀನ್ ಪ್ರಿಂಟಿಂಗ್, ಅಂದರೆ ಜಾಲರಿಯ ಅಚ್ಚು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ಎಂಬಾತನು ರೇಷ್ಮೆಯ ಜಾಲರಿಯ ಅಚ್ಚಿಗೆ ೧೯೦೭ರಲ್ಲಿ ಪೇಟೆಂಟು ಪಡೆದನು. ಹಿಟ್ಟಿನ ಸಾಣಿಗೆಯಂತೆ ಒಂದು ಚೌಕಟ್ಟಿಗೆ ಜಾಲರಿಯನ್ನು ಬಿಗಿದು, ಬಣ್ಣ ಇಳಿಯಬಾರದ ಕಡೆ ಕಣ್ಣುಗಳನ್ನು ಮುಚ್ಚಿಬಿಡುತ್ತಾರೆ. ಚೌಕಟ್ಟಿನೊಳಗೆ ಬಣ್ಣವನ್ನು ಸುರಿದು ರಬ್ಬರಿನ ಪಟ್ಟಿಯಿಂದ ಒಂದು ಸಾರಿ ಎಳೆದರೆ, ತೆರೆದ ಕಣ್ಣುಗಳಲ್ಲಿ ಬಣ್ಣ ಇಳಿದು ಅಂಗಿಯ ಮೇಲೆ ಕೂಡುತ್ತದೆ. ಈಗ ರೇಷ್ಮೆಯ ಬದಲು ಪಾಲಿಯೆಸ್ಟರ್ ಜಾಲರಿ ಬಳಕೆಯಲ್ಲಿದೆ. ಲಗ್ನಪತ್ರಿಕೆಗಳನ್ನೂ ಕೈಚೀಲಗಳನ್ನೂ ಈ ರೀತಿಯಲ್ಲಿ ಅಚ್ಚು ಹಾಕುವ ಅಂಗಡಿಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ.

ಇಲ್ಲಿ ಒಂದು ಸಂದೇಹ ಬರಬಹುದು. ಜಾಲರಿಯಿಂದ ಇಳಿಯುವಷ್ಟು ತೆಳುವಾದ ಬಣ್ಣವು ಅರಿವೆಯಲ್ಲಿ ಹರಡಿಹೋಗುವುದಿಲ್ಲವೆ? ಗಟ್ಟಿ ಮೊಸರನ್ನು ನೆನೆಯಿರಿ. ಸುಮ್ಮನಿದ್ದಾಗ ಅದು ಗಟ್ಟಿ; ಸೌಟಿನಿಂದ ಕಲಕಿದರೆ ತೆಳ್ಳಗಾಗುತ್ತದೆ. ಅಚ್ಚಿನ ಬಣ್ಣವನ್ನೂ ಇದೇ ಗುಣ ಬರುವಂತೆ ತಯಾರಿಸುತ್ತಾರೆ. ಪಟ್ಟಿಯ ಒತ್ತಡ ಬಿದ್ದಾಗ ಅದು ಸಡಿಲವಾಗಿ ಕಣ್ಣಿನಿಂದ ಇಳಿಯುತ್ತದೆ. ಒತ್ತಡ ಹೋದೊಡನೆ ಗಟ್ಟಿಯಾಗಿ ಇದ್ದಲ್ಲಿಯೇ ನಿಲ್ಲುತ್ತದೆ. ನೀರು ಬೆರೆಸಿ ತೆಳ್ಳಗೆ ಮಾಡಿದರೆ ಈ ಗುಣ ಕೆಟ್ಟು, ಬಣ್ಣವು ನೂಲಿನ ಗುಂಟ ಹರಿದು ಅಂಚು ಒಡೆಯುತ್ತದೆ.

ಬೆಳಕು ಕೆತ್ತುವ ಅಚ್ಚು

ಜಾಲರಿಯ ಸಾವಿರಾರು ಕಣ್ಣುಗಳಲ್ಲಿ ಕೆಲವನ್ನು ಮಾತ್ರ ಮುಚ್ಚುವುದು ಹೇಗೆ? ಅದನ್ನು ಬೆಳಕಿನ ಕೈಯಿಂದ ಮಾಡಿಸುತ್ತಾರೆ. ಸ್ಕಾಟ್ಲೆಂಡಿನ ಮಂಗೊ ಪಾಂಟನ್ ಎಂಬಾತನು ೧೮೩೯ರಲ್ಲಿ, ಡೈಕ್ರೋಮೇಟ್ ಲವಣವನ್ನು ಸವರಿದ ಕಾಗದವು ಬೆಳಕಿಗೆ ಮಾರ್ಪಡುವುದನ್ನು ಕಂಡುಕೊಂಡನು. ಅಂತಹ ಲವಣವನ್ನು ಅಂಟಿನೊಡನೆ ಕಲಸಿದರೆ, ಬೆಳಕು ಬಿದ್ದ ಕಡೆ ಅಂಟು ಗಟ್ಟಿಯಾಗಿ ನೀರಿನಲ್ಲಿ ಕರಗದಂತಾಗುತ್ತದೆ. ಜಾಲರಿಗೆ ಈ ಅಂಟನ್ನು ಕತ್ತಲೆಯಲ್ಲಿ ಸವರಿ ಒಣಗಿಸಿ, ಅದರ ಮೇಲೆ ಕಪ್ಪು ಚಿತ್ರವಿರುವ ಪಾರದರ್ಶಕ ಹಾಳೆಯನ್ನಿಟ್ಟು ತೀವ್ರವಾದ ಬೆಳಕಿಗೆ ಒಡ್ಡುತ್ತಾರೆ. ಕಪ್ಪಿನ ಅಡಿಯ ಅಂಟು ಬೆಳಕನ್ನು ಕಾಣದೆ ಮೆತ್ತಗೆ ಉಳಿಯುತ್ತದೆ. ನೀರು ಹೊಯ್ದರೆ ಅದು ತೊಳೆದುಹೋಗಿ ಕಣ್ಣು ತೆರೆಯುತ್ತದೆ. ಡೈಕ್ರೋಮೇಟ್ ವಿಷಕಾರಿ, ಆದ್ದರಿಂದ ಈಗ ಡೈಅಜೋ ಮುಂತಾದ ಬೇರೆ ದ್ರವ್ಯಗಳನ್ನು ಬಳಸುತ್ತಾರೆ. ಶಾಲೆಯಲ್ಲಿ ಮಾಡುವವರು ಡೈಕ್ರೋಮೇಟನ್ನು ಮುಟ್ಟಲೇಬಾರದು.

ಇದರಿಂದ ಚಿತ್ರಕಾರನು ತಿಳಿಯಬೇಕಾದುದು ಇಷ್ಟು: ಅಚ್ಚಿನವನಿಗೆ ಕೊಡುವ ಹಾಳೆಯಲ್ಲಿ ಕಪ್ಪು ಕಡುಕಪ್ಪಾಗಿರಬೇಕು. ಪೆನ್ಸಿಲ್ಲಿನ ಬೂದುಬಣ್ಣದ ಮೂಲಕ ಬೆಳಕು ಅರೆಬರೆ ನುಸುಳಿ, ಕಣ್ಣು ಪೂರ್ತಿ ತೆರೆಯದೆ ಪೂರ್ತಿ ಮುಚ್ಚದೆ ಉಳಿಯುತ್ತದೆ. ಮೊಬೈಲಿನಲ್ಲಿ ಬರೆದ ಚಿತ್ರವಾದರೆ ಅದರ ಅಳತೆಯನ್ನು ನೋಡಿಕೊಳ್ಳಬೇಕು. ಹತ್ತು ಅಂಗುಲ ಅಗಲದ ಚಿತ್ರಕ್ಕೆ ಅಂಗುಲಕ್ಕೆ ೩೦೦ ಬಿಂದುಗಳಂತೆ ೩೦೦೦ ಬಿಂದುಗಳು ಬೇಕು. ಕೈಯಿಂದ ಕೈಗೆ ಕಳಿಸಿದ ಚಿತ್ರವು ಕುಗ್ಗಿ, ಅಂಚುಗಳು ಹಲ್ಲುಹಲ್ಲಾಗಿ ಬರುವುದು ಸಾಮಾನ್ಯ.

ಗೆರೆ ಎಷ್ಟು ತೆಳ್ಳಗಿರಬಹುದು?

ಇದನ್ನು ಲೆಕ್ಕದಿಂದಲೇ ಕಂಡುಹಿಡಿಯೋಣ. ಅಂಗಿಗಳಿಗೆ ಸಾಧಾರಣವಾಗಿ ಅಂಗುಲಕ್ಕೆ ೧೧೦ ಎಳೆಗಳಿರುವ ಜಾಲರಿಯನ್ನು ಬಳಸುತ್ತಾರೆ. ಒಂದು ಅಂಗುಲವೆಂದರೆ ೨೫.೪ ಮಿಲಿಮೀಟರು. ಅದನ್ನು ೧೧೦ರಿಂದ ಭಾಗಿಸಿದರೆ ಒಂದು ಎಳೆಯಿಂದ ಮುಂದಿನ ಎಳೆಗೆ ಸುಮಾರು ೦.೨೩ ಮಿಲಿಮೀಟರು. ಗೆರೆಯು ಒಂದೇ ಕಣ್ಣಿನಷ್ಟು ಅಗಲವಿದ್ದರೆ ಎಳೆ ಅಡ್ಡಬಂದಲ್ಲೆಲ್ಲ ಅದು ತುಂಡಾಗುತ್ತದೆ. ಅಖಂಡವಾಗಿ ಬರಬೇಕಾದರೆ ಮೂರು ನಾಲ್ಕು ಕಣ್ಣುಗಳ ಅಗಲ ಬೇಕು, ಎಂದರೆ ೦.೭ರಿಂದ ೦.೯ ಮಿಲಿಮೀಟರು. ಹೆಣಿಗೆಯ ಕುಣಿಕೆಯ ಅಗಲವೂ ಹೆಚ್ಚುಕಡಿಮೆ ಇಷ್ಟೇ ಎಂಬುದನ್ನು ಮೇಲೆ ಕಂಡೆವು. ಆದ್ದರಿಂದ ಒಂದು ಮಿಲಿಮೀಟರಿಗಿಂತ ತೆಳುವಾದ ಗೆರೆಯನ್ನೂ, ಗೆರೆಗಳ ನಡುವೆ ಒಂದು ಮಿಲಿಮೀಟರಿಗಿಂತ ಕಿರಿದಾದ ಎಡೆಯನ್ನೂ ಬಿಡಬಾರದೆಂಬುದು ಒಳ್ಳೆಯ ನಿಯಮ. ನಮ್ಮ ಹುಡುಗಿಯ ಮಲಪ್ರಭೆ ಕಲೆಸಿಹೋದುದರ ಗುಟ್ಟು ಇಲ್ಲಿದೆ.

ಅಕ್ಷರಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಚೆನ್ನಾಗಿ ಕಾಣುವ ಕಣ್ಣಿಗೂ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗಕ್ಕಿಂತ ಸಣ್ಣ ಅಂತರ ಬೇರೆಯಾಗಿ ತೋರದು. ಕಣ್ಣಿನ ವೈದ್ಯರ ಫಲಕದಲ್ಲಿ ಆರು ಮೀಟರು ದೂರದಿಂದ ಓದಬೇಕಾದ ಇಂಗ್ಲಿಷ್ ಅಕ್ಷರದ ಎತ್ತರ ಅಂತಹ ಐದು ಭಾಗಗಳಷ್ಟು, ಸುಮಾರು ೯ ಮಿಲಿಮೀಟರು. ಆದರೆ ಕನ್ನಡದ ‘ಕ್ಷ’, ‘ಸ್ಥ’, ‘ಸ್ತ್ರ’ಗಳಲ್ಲಿ ಅಕ್ಷರದ ಅಡಿಗೆ ಒತ್ತು, ಮೇಲೆ ತಲೆಕಟ್ಟು; ಅಷ್ಟೇ ಎತ್ತರದಲ್ಲಿ ಇಮ್ಮಡಿ ವಿವರಗಳು ತುಂಬಿರುತ್ತವೆ. ಅದಕ್ಕೆ ೧೮ ಮಿಲಿಮೀಟರಾದರೂ ಬೇಕು. ಕಷ್ಟಪಡದೆ ಓದಬೇಕಾದರೆ ಅದರ ಎರಡರಷ್ಟಿರಲಿ. ಕಡಿಮೆ ಮಾತು, ದೊಡ್ಡ ಅಕ್ಷರ, ಅಕ್ಷರದ ಹೊಟ್ಟೆಯಲ್ಲಿ ಧಾರಾಳವಾದ ಬಯಲು—ಕನ್ನಡದ ಅಂಗಿಗೆ ಇವು ಲಕ್ಷಣ.

ಒಂದು ಬಣ್ಣಕ್ಕೆ ಒಂದು ಚೌಕಟ್ಟು

ಒಂದು ಜಾಲರಿಯಿಂದ ಒಂದು ಬಣ್ಣವನ್ನು ಮಾತ್ರ ಇಳಿಸಬಹುದು. ಮೂರು ಬಣ್ಣಗಳಿಗೆ ಮೂರು ಚೌಕಟ್ಟುಗಳು, ಅಂಗಿಗೆ ಮೂರು ಸಲದ ಎಳೆತ. ಪ್ರತಿ ಸಾರಿಯೂ ಚೌಕಟ್ಟು ಅದೇ ಸ್ಥಾನದಲ್ಲಿ ಕೂಡಬೇಕು. ಇದಕ್ಕಾಗಿ ಪ್ರತಿಯೊಂದು ಹಾಳೆಯ ಮೂಲೆಗಳಲ್ಲಿ ಕೂಡಿಸುವ ಚಿಹ್ನೆಯಂತಹ ಗುರುತನ್ನು ಹಾಕುತ್ತಾರೆ. ಎಷ್ಟು ಜಾಗ್ರತೆ ವಹಿಸಿದರೂ ಅರಿವೆ ಎಳೆಯುವುದರಿಂದ ಅರ್ಧ ಮಿಲಿಮೀಟರು ಆಚೀಚೆ ಆಗಬಹುದು. ಬುದ್ಧಿವಂತನಾದ ಚಿತ್ರಕಾರನು ಒಂದು ಬಣ್ಣದ ಅಂಚನ್ನು ಇನ್ನೊಂದರ ಅಡಿಗೆ ಅಷ್ಟು ಚಾಚಿರುತ್ತಾನೆ. ಆಗ ನಡುವೆ ಬಿಳಿಯ ಬಿರುಕು ತೋರದು.

ಈ ಜೋಡಣೆಯ ಕಠಿಣ ಪರೀಕ್ಷೆಯನ್ನು ನೋಡಬೇಕಾದರೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗಬೇಕು. ೧೯೫೭ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಅಲ್ಲಿ ಖಾದಿಯ ರಾಷ್ಟ್ರಧ್ವಜಗಳನ್ನು ತಯಾರಿಸುತ್ತದೆ. ಬಿಳಿಯ ಪಟ್ಟಿಯ ಮೇಲೆ ೨೪ ಅರೆಗಳ ಅಶೋಕಚಕ್ರವನ್ನು ಎರಡೂ ಮಗ್ಗುಲಿಗೆ ಮುದ್ರಿಸಬೇಕು. ಒಂದು ಮಗ್ಗುಲಿನ ಚಕ್ರವು ಇನ್ನೊಂದರ ಬೆನ್ನಿಗೆ ಸರಿಯಾಗಿ ಕೂಡಬೇಕು. ಕೂಡದಿದ್ದರೆ ಆ ಅರಿವೆ ಧ್ವಜವಾಗಲಾರದು.

ಛಾಯೆ ಬೇಕಾದರೆ ಚುಕ್ಕೆಗಳ ಉಪಾಯವುಂಟು. ದೊಡ್ಡ ಚುಕ್ಕೆಗಳಿದ್ದಲ್ಲಿ ಕಡುಬಣ್ಣ, ಸಣ್ಣವಿದ್ದಲ್ಲಿ ತಿಳಿಬಣ್ಣ ಕಾಣುತ್ತದೆ. ಜಾಲರಿಯ ಎಳೆಗಳ ಸಂಖ್ಯೆ ಚುಕ್ಕೆಗಳ ಸಾಲಿನ ನಾಲ್ಕೈದು ಪಟ್ಟಾದರೂ ಇರಬೇಕು. ೧೧೦ ಎಳೆಗಳ ಜಾಲರಿಗೆ ಅಂಗುಲಕ್ಕೆ ೨೫ ಚುಕ್ಕೆಗಳೇ ಮಿತಿ. ಚುಕ್ಕೆಯಿಂದ ಚುಕ್ಕೆಗೆ ಒಂದು ಮಿಲಿಮೀಟರು. ಕಣ್ಣಿನ ಮಿತಿಯ ಪ್ರಕಾರ ಅವು ಒಂದಾಗಿ ಕಾಣಬೇಕಾದರೆ ಮೂರುವರೆ ಮೀಟರು ದೂರ ನಿಲ್ಲಬೇಕು. ವೇದಿಕೆಯ ಮೇಲಿನವರಿಗೆ ಇದು ಒಪ್ಪೀತು. ಪಕ್ಕದಲ್ಲಿ ಕುಳಿತವನಿಗೆ ಚುಕ್ಕೆಗಳೇ ಕಾಣುವವು.

ಒಣಗುವುದೇ ಬೇರೆ, ಬೇಯುವುದೇ ಬೇರೆ

ಕುಂಬಾರಿಕೆಗೆ ಹೆಸರಾದ ಖಾನಾಪುರದ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಹಸಿಯ ಗಡಿಗೆಯನ್ನು ಎಷ್ಟೇ ಬಿಸಿಲಿಗಿಟ್ಟು ಒಣಗಿಸಿದರೂ ನೀರು ತುಂಬಿದರೆ ಕರಗಿ ಮಣ್ಣಾಗುತ್ತದೆ. ಆವಿಗೆಯಲ್ಲಿ ಸುಟ್ಟ ಗಡಿಗೆ ಕರಗದು. ಶಾಖದಲ್ಲಿ ಅದರ ವಸ್ತುವೇ ಬದಲಾಗಿದೆ. ಅಚ್ಚಿನ ಬಣ್ಣಕ್ಕೂ ಇದೇ ಮಾತು. ವರ್ಣಪುಡಿಯನ್ನು ಹಿಡಿದಿರುವ ಅಂಟಿನ ಅಣುಗಳು ಸುಮಾರು ೧೫೦ರಿಂದ ೧೬೦ ಡಿಗ್ರಿ ಶಾಖದಲ್ಲಿ, ಮೂರರಿಂದ ಐದು ನಿಮಿಷಗಳಲ್ಲಿ, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಾಗುತ್ತವೆ. ಬರಿದೆ ಒಣಗಿದ ಬಣ್ಣವು ಕೈಗೆ ಹತ್ತದಿರಬಹುದು. ಸಬ್ಬಿನ ನೀರಿಗೆ ಹಾಕಿದಾಗ ಅದರ ಹುಳುಕು ಹೊರಬೀಳುತ್ತದೆ.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಸಾಧಾರಣ ಹವೆಯಲ್ಲಿಯೇ ನೂರು ಗ್ರಾಂ ಒಣ ಹತ್ತಿಯು ಎಂಟೂವರೆ ಗ್ರಾಂ ನೀರನ್ನು ಹಿಡಿದಿರುತ್ತದೆ. ಖಾನಾಪುರದ ಆಷಾಢದಲ್ಲಿ ಇನ್ನೂ ಹೆಚ್ಚು. ಒಂದು ಅಂಗಿಯ ಹತ್ತಿಯ ತೂಕ ೧೫೦ ಗ್ರಾಂ ಎಂದು ಹಿಡಿದರೆ ನೀರು ೧೨ ಗ್ರಾಂ ಮೀರುತ್ತದೆ. ಇದನ್ನು ಆವಿಯಾಗಿಸಲು ಗ್ರಾಮಿಗೆ ೫೪೦ ಕ್ಯಾಲರಿಯಂತೆ ಸುಮಾರು ೬೫೦೦ ಕ್ಯಾಲರಿ ಶಾಖ ಬೇಕು. ಒಂದು ಸಣ್ಣ ಲೋಟ ಚಹಾದ ನೀರನ್ನು ಕುದಿಗೆ ತರುವಷ್ಟು. ಆ ನೀರು ಹೋಗುವ ವರೆಗೆ ಅರಿವೆಯ ಶಾಖವು ೧೦೦ ಡಿಗ್ರಿಯ ಆಸುಪಾಸಿನಲ್ಲಿಯೇ ನಿಂತಿರುತ್ತದೆ. ಇಸ್ತ್ರಿ ಬಿಸಿಯಾಗಿದೆ, ಹೊತ್ತೂ ಆಗಿದೆ. ಬಣ್ಣ ಮಾತ್ರ ಬೆಂದಿಲ್ಲ. ಆದ್ದರಿಂದ ಮೊದಲು ಅಂಗಿಯನ್ನು ಚೆನ್ನಾಗಿ ಒಣಗಿಸಿ, ಆಮೇಲೆ ಕಾವಿನ ಲೆಕ್ಕವನ್ನು ಹಿಡಿಯಬೇಕು.

ಸ್ಪರ್ಧಾಳುಗಳಿಗೆ ಎರಡು ಎಚ್ಚರಿಕೆ

ದೇಶಾಭಿಮಾನದಿಂದ ಅಂಗಿಯ ಮೇಲೆ ರಾಷ್ಟ್ರಧ್ವಜವನ್ನು ಬರೆಯುವ ಆಸೆ ಸಹಜ. ಆದರೆ ರಾಷ್ಟ್ರಗೌರವಕ್ಕೆ ಅಪಮಾನವನ್ನು ತಡೆಯುವ ೧೯೭೧ರ ಕಾಯಿದೆಯು, ಆಮೇಲಿನ ತಿದ್ದುಪಡಿಗಳೊಡನೆ, ಉಡುಪಿನ ಅರಿವೆಯ ಮೇಲೆ ಧ್ವಜವನ್ನು ಮುದ್ರಿಸುವುದನ್ನು ನಿಷೇಧಿಸಿದೆ. ಎರಡನೆಯದಾಗಿ, ಚಲಚ್ಚಿತ್ರದ ಭಾವಚಿತ್ರವನ್ನೋ ಇನ್ನೊಬ್ಬರ ರಚನೆಯನ್ನೋ ನಕಲು ಮಾಡಬಾರದು. ೧೯೫೭ರ ಗ್ರಂಥಸ್ವಾಮ್ಯದ ಕಾಯಿದೆಯು ಚಿತ್ರಗಳಿಗೂ ಅನ್ವಯಿಸುತ್ತದೆ. ನಕಲಿನ ಅವಶ್ಯಕತೆಯಾದರೂ ಏನು? ಊರಿನ ಗಡಿಗೆ, ಮಗ್ಗ, ಮಲಪ್ರಭೆ, ಅಜ್ಜಿಯ ಕುಬಸದ ಕಸೂತಿ ಇವೆಲ್ಲ ಇನ್ನೂ ಯಾರ ಅಂಗಿಯ ಮೇಲೂ ಸರಿಯಾಗಿ ಮೂಡಿಲ್ಲ.

ಮಾಡಿ ನೋಡಿರಿ

೧. ಹಳೆಯ ಟೀ-ಶರ್ಟನ್ನು ಭೂತಗಾಜಿನಲ್ಲಿ ನೋಡಿ, ಒಂದು ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆಗಳಿವೆ ಎಣಿಸಿರಿ. ನಿಮ್ಮ ಚಿತ್ರದ ಅತಿ ತೆಳು ಗೆರೆಯೊಡನೆ ಹೋಲಿಸಿರಿ.

೨. ಹತ್ತಿಯ ಅರಿವೆಯ ತುಂಡನ್ನು ಅರಿಸಿನದ ಬಿಸಿನೀರಿನಲ್ಲಿ ಅದ್ದಿ ಒಣಗಿಸಿರಿ. ಅರ್ಧಕ್ಕೆ ಸಬ್ಬು ತಿಕ್ಕಿದರೆ ಕೆಂಪಾಗುವುದು. ಕ್ಷಾರವು ಬಣ್ಣದ ಅಣುವನ್ನು ಮಾರ್ಪಡಿಸುವುದಕ್ಕೆ ಇದು ಸಾಕ್ಷಿ. ಉಳಿದರ್ಧವನ್ನು ನಾಲ್ಕಾರು ದಿನ ಬಿಸಿಲಿಗಿಟ್ಟು, ಹಳದಿಯು ಮಾಸುವುದನ್ನು ಗಮನಿಸಿರಿ.

೩. ನಿಮ್ಮ ಚಿತ್ರವನ್ನು ಅಂಗಿಯಷ್ಟೇ ಅಳತೆಯ ಕಾಗದದ ಮೇಲೆ ಬರೆದು ಗೋಡೆಗೆ ಹಚ್ಚಿ, ಆರು ಮೀಟರು ಹಿಂದೆ ಸರಿದು ನೋಡಿರಿ. ಓದಲಾಗದ್ದನ್ನು ತೆಗೆದುಹಾಕಿರಿ.

೪. ಅರವತ್ತು ಅಂಗಿಗಳಿಗೆ ಕೈಹಾಕುವ ಮುನ್ನ ಅದೇ ಅರಿವೆಯ ಒಂದು ತುಂಡಿಗೆ ಅಚ್ಚು ಹಾಕಿಸಿರಿ. ಐದು ಸಾರಿ ಒಗೆದು, ಒದ್ದೆಯಾದ ಬಿಳಿಯ ಅರಿವೆಯಿಂದ ತಿಕ್ಕಿರಿ. ಬಿಳಿಯ ಅರಿವೆ ಬಿಳಿಯಾಗಿಯೇ ಉಳಿದರೆ ಕೆಲಸಕ್ಕೆ ಅಡ್ಡಿಯಿಲ್ಲ.

ಇನ್ನು ಆ ಹುಡುಗಿಯ ಮಾತು. ಅವಳು ಏಳು ಬಣ್ಣಗಳನ್ನು ಎರಡಕ್ಕಿಳಿಸಲಿ. ಕೂದಲೆಳೆಯ ಗೆರೆಗಳನ್ನು ಬಿಟ್ಟು ನದಿಯನ್ನು ಒಂದೇ ಅಗಲವಾದ ತಿರುವಿನಲ್ಲಿ ಬರೆಯಲಿ. ನೀರಿನ ಬಿಳುಪಿಗೆ ಅಂಗಿಯ ಬಿಳುಪನ್ನೇ ಬಿಡಲಿ. ನದಿಯೂ ಅದೇ, ಕೈಯೂ ಅದೇ. ಆದರೆ ಈ ಸಾರಿ ಒಗೆತಕ್ಕೆ ಅದು ಬತ್ತಲಾರದು.